ಮುಟ್ಟಾಗಿದ್ದರೂ ಇಹ್ರಾಮ್ ದುಲ್ ಹುಲೈಫಾದಲ್ಲೇ

ಮದೀನಾದಿಂದ ಮಕ್ಕಾಕ್ಕೆ ಹೊರಡುವ ದಿನವೇ ಮುಟ್ಟಾಗುವಂತಿದ್ದರೆ ಮಾತ್ರೆ ನುಂಗಿ ಮುಂದೂಡಬೇಕೇ, ಇಲ್ಲವೇ ಇಹ್ರಾಮ್ (ಯಾತ್ರೆಯ ವಿಧಿಗಳಿಗೆ ಪ್ರವೇಶಿಸುವ ಸ್ಥಿತಿ) ಇಲ್ಲದೆ ಹೋಗಿ, ಶುದ್ಧಿಯಾದ ಮೇಲೆ ಮಕ್ಕಾ ಹತ್ತಿರದ ತನ್‌ಈಮ್‌ನಲ್ಲಿರುವ ಆಯಿಷಾ ಮಸೀದಿಯಿಂದ ಉಮ್ರಾ (ಕಿರು ಯಾತ್ರೆ) ಮಾಡಬೇಕೇ ಎಂದು ಕೇಳಿದ್ದೀರಿ. ಎರಡನೆಯದನ್ನು ನಾನು ಮಾಡಿದ್ದೇನೆ. ದಯವಿಟ್ಟು ನೀವು ಮಾಡಬೇಡಿ.

ಮದೀನಾ ಬಿಟ್ಟ ಸ್ವಲ್ಪ ಹೊತ್ತಿಗೇ ನಮ್ಮ ಬಸ್ಸು ದುಲ್ ಹುಲೈಫಾದಲ್ಲಿ ನಿಂತಿತು. ಚಾಲಕರು ಆ ಜಾಗವನ್ನು ಅಬ್ಯಾರ್ ಅಲಿ ಎನ್ನುತ್ತಾರೆ. ಪ್ರವಾದಿ ಮುಹಮ್ಮದ್ (ಸ) ವಿದಾಯದ ಹಜ್ಜಿಗೆ ಇಹ್ರಾಮ್ ಧರಿಸಿದ ಸ್ಥಳ ಅದು. ಅಲ್ಲಿದ್ದ ಮರದ ನೆನಪಿಗೆ ಅಲ್ಲಿನ ಮಸೀದಿಗೆ ಶಜರಾ ಮಸೀದಿ ಎಂದೂ ಹೆಸರು. ಎಲ್ಲರೂ ಸ್ನಾನಕ್ಕೆ, ನಮಾಜಿಗೆ ಇಳಿದರು. ನಾನು ಕಿಟಕಿಯಿಂದ ಎತ್ತರದ ಮಿನಾರನ್ನು ನೋಡುತ್ತಾ ಕುಳಿತೆ. "ನಿನಗೆ ಈಗ ಇಹ್ರಾಮ್ ಇಲ್ಲಮ್ಮ" ಎಂದು ಹಿರಿಯರೊಬ್ಬರು ಹೇಳಿದ್ದರು.

ಆ ಮಾತನ್ನು ನಾನೇಕೆ ನಂಬಿದೆ? ಮುಟ್ಟಿನಲ್ಲಿ ನಮಾಜ್ ಇಲ್ಲ, ಮಸೀದಿಯೊಳಗೆ ಕುಳಿತುಕೊಳ್ಳುವಂತಿಲ್ಲ, ಇವೆರಡೂ ಗೊತ್ತಿತ್ತು. ಇಹ್ರಾಮನ್ನೂ ಅವುಗಳ ಜೊತೆಗೇ ಸೇರಿಸಿಬಿಟ್ಟೆ. ಆದರೆ ಇಹ್ರಾಮ್ ಎಂದರೆ ನಿಯ್ಯತ್, ಮನಸ್ಸಿನ ಸಂಕಲ್ಪ. ಅದಕ್ಕೆ ಮಸೀದಿಯ ಹೊಸ್ತಿಲು ದಾಟಬೇಕಿಲ್ಲ, ಎರಡು ರಕಅತ್ ನಮಾಜೂ ಷರತ್ತಲ್ಲ. ಉಮ್ರಾದ ಉದ್ದೇಶವಿಟ್ಟುಕೊಂಡು ಮೀಕಾತನ್ನು, ಅಂದರೆ ದುಲ್ ಹುಲೈಫಾದಂಥ ಇಹ್ರಾಮಿನ ಗಡಿಯನ್ನು, ಇಹ್ರಾಮ್ ಇಲ್ಲದೆ ದಾಟುವುದೇ ತಪ್ಪು. ನಮ್ಮ ಮೌಲವಿ ಅದೇ ಬಸ್ಸಿನಲ್ಲಿದ್ದರು. ಗಂಡಸರ ಬಳಿ ಮುಟ್ಟಿನ ವಿಷಯ ಹೇಗೆ ಕೇಳುವುದು ಎಂಬ ಸಂಕೋಚದಲ್ಲಿ ಬಾಯಿ ಬಿಡಲಿಲ್ಲ. ನನ್ನ ಯಜಮಾನರ ಮೂಲಕವಾದರೂ ಕೇಳಿಸಬಹುದಿತ್ತು.

ಶುದ್ಧಿಯಾದ ಮೇಲೆ ಆಯಿಷಾ ಮಸೀದಿಗೆ ಹೋಗಿ ನಿಯ್ಯತ್ ಮಾಡಿ ಉಮ್ರಾ ಮುಗಿಸಿದೆ. ವಿಷಯ ತಿಳಿದ ಮೌಲವಿ ದಮ್, ಅಂದರೆ ತಪ್ಪಿಗೆ ಪರಿಹಾರವಾಗಿ ಪ್ರಾಣಿಬಲಿ, ಕೊಡಬೇಕೆಂದರು. ಮಕ್ಕಾದಲ್ಲೇ ಕುರಿ ಕೊಯ್ಸಿ, ಮಾಂಸ ಬಡವರಿಗೆ ಹೋಯಿತು. ಹಣ ಹೋದದ್ದಕ್ಕಿಂತ ಬೇರೆಯದೇ ನನ್ನನ್ನು ಇಂದಿಗೂ ಕಾಡುತ್ತದೆ. 400 ಕಿಲೋಮೀಟರಿಗಿಂತ ಹೆಚ್ಚಿನ ದಾರಿಯುದ್ದಕ್ಕೂ ಬಸ್ಸಿಗೆ ಬಸ್ಸೇ "ಲಬ್ಬೈಕ್" ಎನ್ನುತ್ತಿರುವಾಗ ನಾನೊಬ್ಬಳು ತುಟಿ ಬಿಗಿದು ಕುಳಿತಿದ್ದೆ.

ಅದೇ ದುಲ್ ಹುಲೈಫಾದಲ್ಲಿ, 632ರ ಆ ಹಜ್ ಯಾತ್ರೆಯಲ್ಲಿ, ಅಬೂಬಕರ್ ಅವರ ಪತ್ನಿ ಅಸ್ಮಾ ಬಿಂತ್ ಉಮೈಸ್ ಮಗುವನ್ನು ಹೆತ್ತರು. ಈಗೇನು ಮಾಡಲಿ ಎಂದು ಅವರು ಪ್ರವಾದಿಯವರಿಗೆ ಹೇಳಿ ಕಳುಹಿಸಿದರು. ಸ್ನಾನ ಮಾಡಿ, ಬಟ್ಟೆ ಕಟ್ಟಿಕೊಂಡು ಇಹ್ರಾಮ್ ಧರಿಸು ಎಂದು ಉತ್ತರ ಬಂತು. ಹಸಿ ಬಾಣಂತಿಗೇ ಅನುಮತಿ ಇದ್ದ ಜಾಗದಲ್ಲಿ ನಾನು ಹೊರಗುಳಿದೆ! ಪ್ರವಾದಿಯವರ ಪತ್ನಿ ಆಯಿಷಾರ ಹೆಸರು ಹೇಳಿ ಈ ಅಡ್ಡದಾರಿ ತೋರಿಸುವವರು ಒಂದನ್ನು ಮರೆಯುತ್ತಾರೆ: ಅದೇ ಹಜ್ಜಿನ ದಾರಿಯಲ್ಲಿ ಮುಟ್ಟಾದಾಗ ಆಯಿಷಾ ಆಗಲೇ ಇಹ್ರಾಮಿನಲ್ಲಿದ್ದರು. ತವಾಫ್ (ಕಾಬಾ ಪ್ರದಕ್ಷಿಣೆ) ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡಲು ಪ್ರವಾದಿಯವರು ಹೇಳಿದ್ದರು. ತನ್‌ಈಮ್‌ನಿಂದ ಅವರು ಉಮ್ರಾ ಮಾಡಿದ್ದು ಹಜ್ಜಿನ ನಂತರ.

ಹಾಗಾಗಿ ನಿಮ್ಮ ಎರಡು ಆಯ್ಕೆಗಳಲ್ಲಿ ಒಂದನ್ನು ಆರಿಸುವ ಅಗತ್ಯವೇ ಇಲ್ಲ. ಮಾತ್ರೆಯ ಮಾತು ವೈದ್ಯರಿಗೆ ಬಿಟ್ಟದ್ದು, ಇಹ್ರಾಮಿಗಾಗಿ ಅದು ಬೇಕಿಲ್ಲ. ಮದೀನಾದ ಹೋಟೆಲಿನಲ್ಲೇ ಸ್ನಾನ ಮಾಡಿ, ಬಸ್ಸು ಮೀಕಾತ್ ತಲುಪಿದಾಗ ಸೀಟಿನಲ್ಲೇ ನಿಯ್ಯತ್ ಮಾಡಿ ತಲ್ಬಿಯಾ (ಆ "ಲಬ್ಬೈಕ್" ಘೋಷ) ಹೇಳಿ. ಶುದ್ಧಿಯಾಗಿ ಉಮ್ರಾ ಮುಗಿಸುವವರೆಗೆ ಇಹ್ರಾಮಿನಲ್ಲೇ ಇರಬೇಕಾದ್ದರಿಂದ ಸುವಾಸನೆಯಿಲ್ಲದ ಸಾಬೂನು ಇಟ್ಟುಕೊಳ್ಳಿ. ಮಕ್ಕಾದಲ್ಲಿ ಹೆಚ್ಚು ದಿನ ಸಿಗುವಂತೆ ಟಿಕೆಟ್ ಮಾಡಿಸಿ. ಮರಳುವ ದಿನಕ್ಕೂ ಶುದ್ಧಿಯಾಗದಿದ್ದರೆ ಏನು ಮಾಡಬೇಕೆಂಬುದನ್ನು ಊರು ಬಿಡುವ ಮೊದಲೇ ನಿಮ್ಮ ಮದ್‌ಹಬಿನ (ಧರ್ಮಶಾಸ್ತ್ರ ಪಂಥದ) ವಿದ್ವಾಂಸರಲ್ಲಿ, ಅವರ ಮನೆಯವರ ಮೂಲಕವಾದರೂ ಸರಿ, ಕೇಳಿಕೊಳ್ಳಿ.