ಬಿರುಕಿನ ಅಗಲ ಅಳೆದರೆ ಸಾಕೇ?

ಆಳಂದದ ಓದುಗರೊಬ್ಬರು ಕೇಳಿದ್ದಾರೆ: "1993ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದಲ್ಲಿ ಕೆಲವು ಮನೆ ನೆಲಸಮವಾದವು, ಕೆಲವಕ್ಕೆ ಬರೀ ಬಿರುಕು ಬಿತ್ತು. ಹಾನಿಯನ್ನು ಹೇಗೆ ವಿಂಗಡಿಸುತ್ತಾರೆ? ಬಿರುಕಿನ ಅಗಲ ಅಳೆದರೆ ಸಾಕಲ್ವಾ?"

ಸಾಲದು ಸರ್. ಬಿರುಕು ಬಿಟ್ಟ ಗೋಡೆ ಏನನ್ನು ಹೊತ್ತು ನಿಂತಿದೆ ಅನ್ನೋದನ್ನು ಮೊದಲು ನೋಡಬೇಕು.

ಹಾನಿ ವಿಂಗಡಿಸಲು 1998ರ ಯುರೋಪಿನ ಭೂಕಂಪ ಮಾಪಕವನ್ನು (ಇಎಂಎಸ್-98) ಎಂಜಿನಿಯರುಗಳು ಬಳಸುತ್ತಾರೆ. ಅದರಲ್ಲಿ ಕಟ್ಟಡಕ್ಕೆ ಎ ಇಂದ ಎಫ್‌ವರೆಗೆ ಆರು ವರ್ಗ. ಕಾಡುಕಲ್ಲು, ಹಸಿ ಇಟ್ಟಿಗೆಯ ಮನೆಗಳು ಎ, ಅಂದರೆ ತೀರಾ ದುರ್ಬಲ. ಹಾನಿಗೆ ಐದು ದರ್ಜೆ. ಒಂದನೆಯದು ಕೂದಲೆಳೆಯ ಬಿರುಕು, ಐದನೆಯದು ಕುಸಿತ. ಈ ದರ್ಜೆಗಳ ವಿವರಣೆ ಕಲ್ಲು-ಇಟ್ಟಿಗೆ ಮನೆಗೆ ಬೇರೆ, ಕಾಂಕ್ರೀಟ್ ಮನೆಗೆ ಬೇರೆ. ಕಲ್ಲುಮನೆಯ ಹೆಚ್ಚಿನ ಗೋಡೆಗಳಲ್ಲಿ ದೊಡ್ಡ ಬಿರುಕಿದ್ದರೆ ಅದು ಮೂರನೇ ದರ್ಜೆ. ಕಾಂಕ್ರೀಟ್ ಮನೆಯಲ್ಲಿ ಕಂಬಗಳ ನಡುವಿನ ಇಟ್ಟಿಗೆ ಗೋಡೆ ಬಿರಿದರೆ ಅದು ಎರಡನೇ ದರ್ಜೆ ಇರಬಹುದು. ಅಲ್ಲಿ ಭಾರ ಹೊರುವುದು ಗೋಡೆಯಲ್ಲ, ಕಂಬ.

ಕಿಲ್ಲಾರಿಯ ಗೋಡೆಗಳನ್ನೇ ನೋಡಿ. ಎರಡಡಿಗಿಂತ ದಪ್ಪ, ನೋಡಲು ಕೋಟೆ. ಆದರೆ ಒಳಗೊಂದು ಸಾಲು ಕಲ್ಲು, ಹೊರಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಕಲ್ಲು. ಎರಡೂ ಸಾಲನ್ನು ಹಿಡಿದಿಡುವ ಉದ್ದ ಕಲ್ಲು ಇರಲಿಲ್ಲ. ನೆಲ ಅಲುಗಿದಾಗ ಸಾಲುಗಳು ಬೇರೆಯಾಗಿ ಗೋಡೆ ಉಬ್ಬಿತು, ಕಲ್ಲು ಉದುರಿತು. ತಲೆ ಮೇಲೆ ಅಡಿಗಟ್ಟಲೆ ಮಣ್ಣು ಹೊತ್ತ ಮಾಳಿಗೆ ಬೇರೆ. ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮುಂಚೆ, ಜನ ಮಲಗಿದ್ದ ಹೊತ್ತು. ಭೂಕಂಪದ ಪರಿಮಾಣ (ಮ್ಯಾಗ್ನಿಟ್ಯೂಡ್) 6.2ರಷ್ಟೇ, ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಅಷ್ಟು ಜೀವ ಹೋದದ್ದು ಗೋಡೆ ಕಟ್ಟಿದ ರೀತಿಯಿಂದ ಅನ್ನೋದು ನನ್ನನ್ನು ಈಗಲೂ ಕಾಡುತ್ತದೆ.

ಹಾಗಂತ ಕಾಂಕ್ರೀಟ್ ಅಂದರೆ ಸುರಕ್ಷಿತ ಅಂತಲ್ಲ. 2001ರ ಭುಜ್ ಭೂಕಂಪದ ಕೇಂದ್ರದಿಂದ 200 ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟ್‌ಗಳು ಕುಸಿದವು. ಅವುಗಳಲ್ಲಿ ಅನೇಕದರ ನೆಲಮಹಡಿ ಪಾರ್ಕಿಂಗಿಗೆ ಬಿಟ್ಟ ಬರೀ ಕಂಬ, ಮೇಲೆಲ್ಲ ಗೋಡೆ. ಕೆಳಗಿನ ಕಂಬ ಸೋತರೆ ಮುಗಿಯಿತು, ಅದು ನೇರ ಐದನೇ ದರ್ಜೆ.

ನಿಮ್ಮ ಮನೆಯಲ್ಲಿ ಬಿರುಕು ಕಂಡರೆ ಸುಮ್ನೆ ಸಿಮೆಂಟ್ ಬಳಿಯಬೇಡಿ. ಎಂಜಿನಿಯರನ್ನು ಕರೆಸಿ, ಆ ಜಾಗದ ಗಾರೆ ಕೆತ್ತಿಸಿ. ಬಿರುಕು ಗಾರೆಯಲ್ಲೇ ನಿಂತಿದೆಯೋ, ಕಂಬ-ಬೀಮ್ ಸೇರುವ ಜಾಗಕ್ಕೆ ಹೋಗಿದೆಯೋ ಕಾಣುತ್ತದೆ. ಕಲ್ಲುಮನೆಯಾದರೆ ಮೂಲೆಗಳನ್ನೂ ಉಬ್ಬಿದ ಗೋಡೆಯನ್ನೂ ತೋರಿಸಿ. ಅವರು ನೋಡುವ ತನಕ ಆ ಗೋಡೆಯ ಪಕ್ಕ ಯಾರೂ ಮಲಗುವುದು ಬೇಡ.

– ಸಂಪಾದಕ