ಪಿಎ ಸೀಟಿಗೆ ಊರಿನ ನರ್ಸ್ ಕೆಲಸ ಲೆಕ್ಕಕ್ಕೆ ಬರುತ್ತದಾ?

ತಂಗಿ, ಬಿಎಸ್ಸಿ ನರ್ಸಿಂಗ್ ಮುಗಿಸಿ ತೀರ್ಥಹಳ್ಳಿ ಕಡೆಯ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೀಯ. ಮದುವೆಯಾಗಿ ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುವವರ ಹೆಂಡತಿಗೆ ಸಿಗುವ ವೀಸಾದಲ್ಲಿ, ಅಮೆರಿಕಕ್ಕೆ ಹೊರಟಿದ್ದೀಯ. ಇಲ್ಲಿ ಫಿಸಿಶಿಯನ್ ಅಸಿಸ್ಟೆಂಟ್ (ಪಿಎ, ಡಾಕ್ಟರ ಜೊತೆ ಸೇರಿ ರೋಗಿಗಳನ್ನು ನೋಡಿ ಔಷಧಿ ಬರೆಯುವವರು) ಕೋರ್ಸಿಗೆ ಸೇರಬಹುದಾ, ಊರಿನ ಕೆಲಸಕ್ಕೆ ಬೆಲೆ ಇದೆಯಾ ಅಂತ ಕೇಳಿದ್ದೀಯ. ಬೆಲೆ ಇದೆ. ನಿನ್ನ ಅರ್ಜಿಗೆ ಅದೇ ದೊಡ್ಡ ಬಂಡವಾಳ.

ಪಿಎ ಕೋರ್ಸು ಇಲ್ಲಿ ಮಾಸ್ಟರ್ಸ್ ಮಟ್ಟದ್ದು, ಸಾಮಾನ್ಯವಾಗಿ ಎರಡು-ಎರಡೂವರೆ ವರ್ಷ. ಹೆಚ್ಚಿನ ಕಡೆ ಅರ್ಜಿ ಹಾಕುವುದು ಕ್ಯಾಸ್ಪಾ ಅನ್ನುವ ಪಿಎ ಕಾಲೇಜುಗಳ ಸಾಮಾನ್ಯ ಅರ್ಜಿ ಪೋರ್ಟಲ್‌ನಲ್ಲಿ. ಏಪ್ರಿಲ್ ಕೊನೆಗೆ ತೆರೆಯುತ್ತದೆ. ಬಹಳ ಕಾಲೇಜುಗಳು ಅರ್ಜಿ ಬಂದ ಹಾಗೇ ಸಂದರ್ಶನಕ್ಕೆ ಕರೆಯುವುದರಿಂದ ಕೊನೇ ದಿನಕ್ಕೆ ಕಾಯಬೇಡ.

ಅಂಕದ ಜೊತೆ ಅವರು ನೋಡುವುದು ರೋಗಿಗಳ ಜೊತೆ ಕಳೆದ ಗಂಟೆಗಳನ್ನು. ಸಾವಿರ, ಎರಡು ಸಾವಿರ ಗಂಟೆ ಕೇಳುವ ಕಾಲೇಜುಗಳೂ ಇವೆ. ಇಲ್ಲಿಯ ಹುಡುಗರು ಅದಕ್ಕಾಗಿ ಆಂಬುಲೆನ್ಸ್‌ನಲ್ಲಿ, ವೃದ್ಧರ ಆರೈಕೆ ಕೇಂದ್ರಗಳಲ್ಲಿ ದುಡಿಯುತ್ತಾರೆ. ಎಚ್-4ನಲ್ಲಿ ಓದಬಹುದು, ಆದರೆ ಕೆಲಸದ ಪರವಾನಗಿ ಸಿಗುವ ತನಕ ದುಡಿಯುವ ಹಾಗಿಲ್ಲ. ಹಾಗಾಗಿ ಊರಿನ ಗಂಟೆಗಳನ್ನು ಕಾಗದದ ಮೇಲೆ ತಂದುಕೋ. ‘ಇವರ ನಡತೆ ಉತ್ತಮ’ ಅನ್ನುವ ಸರ್ಟಿಫಿಕೇಟ್ ಸಾಲದು. ಯಾವಾಗಿಂದ ಯಾವಾಗಿನ ತನಕ, ವಾರಕ್ಕೆ ಎಷ್ಟು ಗಂಟೆ, ಏನೇನು ಮಾಡಿದೆ ಎಲ್ಲ ಇರಲಿ. ಡ್ರಿಪ್ ಹಾಕಿದ್ದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡಿದ್ದು ಒಂದು ಲೆಕ್ಕ. ರಿಜಿಸ್ಟರ್ ಬರೆದಿದ್ದು ಬೇರೆ ಲೆಕ್ಕ. ವಿದೇಶದ ಗಂಟೆಗಳನ್ನು ಒಪ್ಪುತ್ತಾರಾ ಅಂತ ಒಂದೊಂದು ಕಾಲೇಜಿಗೂ ಮೇಲ್ ಹಾಕಿ ಕೇಳು.

ಅದಕ್ಕೂ ಮೊದಲು ಇನ್ನೊಂದು ಕೇಳಬೇಕು. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ದವರನ್ನು ಮಾತ್ರ ತಗೊಳ್ಳುವ ಕಾಲೇಜುಗಳಿವೆ. ಅಂಥ ಕಡೆ ಸುಮ್ನೆ ಫೀಸು ಕಟ್ಟಬೇಡ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ನೀನು ಓದಿದ್ದರೂ ಇಲ್ಲಿನ ಕಾಲೇಜಿನಲ್ಲೇ ಮತ್ತೆ ಓದು ಅನ್ನುವವರು ಜಾಸ್ತಿ. ಕಮ್ಯುನಿಟಿ ಕಾಲೇಜು ಅಗ್ಗ, ಅಲ್ಲಿ ಮಾಡಬಹುದು. ಅಂಕಪಟ್ಟಿ ಮೌಲ್ಯಮಾಪನಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಬೇಕಾಗುತ್ತದೆ. ವಿಮಾನ ಹತ್ತುವ ಮೊದಲೇ ಬೆಂಗಳೂರಿನ ಜಯನಗರಕ್ಕೆ ಹೋಗಿ ಮುಗಿಸು. ಆಮೇಲೆ ಅಡಿಕೆ ಕೊಯ್ಲಿನ ಮಧ್ಯೆ ಅಪ್ಪನನ್ನು ಓಡಾಡಿಸುವುದು ಯಾಕೆ?

ದುಡ್ಡಿನ ಮಾತು: ಕೋರ್ಸಿನ ಫೀಸು ಹಲವು ಕಡೆ ಒಂದು ಲಕ್ಷ ಡಾಲರ್ ದಾಟುತ್ತದೆ. ಅಮೆರಿಕ ಸರ್ಕಾರದ ಶಿಕ್ಷಣ ಸಾಲ ಎಚ್-4ನವರಿಗೆ ಇಲ್ಲ. ನನ್ನನ್ನು ಕೇಳಿದರೆ ಎನ್‌ಕ್ಲೆಕ್ಸ್, ಅಂದರೆ ಇಲ್ಲಿ ನರ್ಸ್ ಲೈಸೆನ್ಸಿಗೆ ಬರೆಯುವ ಪರೀಕ್ಷೆಗೂ ಈಗಲೇ ತಯಾರಾಗು. ನರ್ಸ್ ಲೈಸೆನ್ಸ್ ಕೈಯಲ್ಲಿದ್ದರೆ, ಕೆಲಸದ ಪರವಾನಗಿ ಬಂದ ದಿನವೇ ಕೆಲಸ ಹುಡುಕಬಹುದು. ಪಿಎ ಸೀಟು ಸಿಗದಿದ್ದರೂ ಕೈ ಖಾಲಿ ಇರುವುದಿಲ್ಲ.

ಅರ್ಜಿಯ ಜೊತೆ ಒಂದು ಪ್ರಬಂಧ ಬರೆಯಬೇಕು, 5,000 ಅಕ್ಷರದೊಳಗೆ, ಖಾಲಿ ಜಾಗವೂ ಸೇರಿ. ‘ಚಿಕ್ಕಂದಿನಿಂದ ಸೇವೆ ಮಾಡುವ ಆಸೆ’ ಅಂತ ಶುರು ಮಾಡಬೇಡ ಮಾರಾಯ್ತಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಮಂಗನ ಕಾಯಿಲೆ ಸೀಸನ್‌ನಲ್ಲಿ ಕೆಲಸ ಮಾಡಿದ್ದೇನೆ ಅಂದೆಯಲ್ಲ, ಅದನ್ನು ಬರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಅದು. ಒಣ ಎಲೆ ಗುಡಿಸಿ ತರಲು ಕಾಡಿಗೆ ಹೋಗಿ ಬಂದವರು ಜ್ವರ ಅಂತ ಕೂತಾಗ ನೀನು ಮೊದಲು ಏನು ಕೇಳಿದೆ? ಉಣುಗು ಕಚ್ಚಿತ್ತಾ, ಹತ್ತಿರ ಮಂಗ ಸತ್ತಿತ್ತಾ ಅಂತ ತಾನೇ? ರಕ್ತದ ಮಾದರಿ ಕೊಡಲು ಹೆದರಿದ ಅಜ್ಜಿಯನ್ನು ಹೇಗೆ ಒಪ್ಪಿಸಿದೆ? ಸಂದರ್ಶನದಲ್ಲಿ ಕೇಳುವುದೂ ಇಂಥದ್ದನ್ನೇ.

ಶಿಫಾರಸು ಪತ್ರವನ್ನು ಡಾಕ್ಟರೇ ನೇರವಾಗಿ ಕ್ಯಾಸ್ಪಾಗೆ ಕಳಿಸಬೇಕು, ನಿನ್ನ ಕೈಗೆ ಕೊಟ್ಟರೆ ನಡೆಯುವುದಿಲ್ಲ. ನಿಮ್ಮ ಕೇಂದ್ರದ ಡಾಕ್ಟರಿಗೆ ವರ್ಗ ಆಗುವ ಮೊದಲು ಅವರ ಸ್ವಂತ ಇಮೇಲ್ ವಿಳಾಸ ಬರೆಸಿಕೋ.