ಪದವಿ ವಿದ್ಯಾರ್ಥಿಗಳಿಗೆ ಕಿಣ್ವ ಶುದ್ಧೀಕರಣ ಕಲಿಸಲು ಶಿರಸಿಯಲ್ಲೇ ಸುಲಭವಾಗಿ ಸಿಗುವ ಆಕರ ಯಾವುದು?

ಬನವಾಸಿ ಕಡೆಯಿಂದ ಶಿರಸಿ ಪೇಟೆಗೆ ಬರುವ ಅನಾನಸು ಸಾಕು; ಹಣ್ಣು ಹೆಚ್ಚಿದ ಮೇಲೆ ಎಸೆಯುವ ನಡುದಿಂಡಿನಲ್ಲೇ ಪ್ರೋಟೀನನ್ನು ಒಡೆಯುವ ಬ್ರೊಮೆಲೈನ್ ಕಿಣ್ವವಿದೆ. ದಿಂಡನ್ನು, ಆಮ್ಲೀಯತೆ ಬದಲಾಗದಂತೆ ಕಾಯುವ ತಣ್ಣನೆಯ ದ್ರಾವಣವಾದ ಬಫರ್‌ನಲ್ಲಿ ಅರೆದು, ಬಟ್ಟೆಯಲ್ಲಿ ಸೋಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಪಡೆದ ತಿಳಿಗೆ ಅಮೋನಿಯಂ ಸಲ್ಫೇಟ್ ಎಂಬ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ, ನೊರೆಯೇಳದಂತೆ ಕಲಕುತ್ತ ಸೇರಿಸಿದರೆ ಪ್ರೋಟೀನು ಗಸಿಯಾಗಿ ಬೇರ್ಪಡುತ್ತದೆ. ಅದನ್ನು ಮತ್ತೆ ಬಫರ್‌ನಲ್ಲಿ ಕರಗಿಸಿ, ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಚೀಲದಲ್ಲಿಟ್ಟು ಉಪ್ಪು ತೆಗೆಯಬೇಕು.

ಆದರೆ ಇಷ್ಟನ್ನೇ ಮಾಡಿಸಿದರೆ ಅದು ಬರೀ ಕೈಕೆಲಸ. ಪ್ರತಿ ಹಂತದಲ್ಲೂ ಒಂದಿಷ್ಟು ಮಾದರಿ ತೆಗೆದಿಟ್ಟು, ಅದು ಹಾಲಿನ ಪ್ರೋಟೀನಾದ ಕೆಸೀನನ್ನು ಒಡೆದಾಗ ಬಂದ ತುಣುಕುಗಳನ್ನು ಬೆಳಕಿನ ತರಂಗಾಂತರ 280 ನ್ಯಾನೋಮೀಟರ್‌ನಲ್ಲೂ ಮಾದರಿಯ ಪ್ರೋಟೀನನ್ನು ಬಣ್ಣ ಬೆರೆಸಿ ಅಳೆಯುವ ಬ್ರಾಡ್‌ಫರ್ಡ್ ವಿಧಾನದಿಂದ 595 ನ್ಯಾನೋಮೀಟರಿನಲ್ಲೂ ಅಳೆಸಿದಾಗ, ಕಿಣ್ವದ ಒಟ್ಟು ಚಟುವಟಿಕೆ ಇಳಿಯುತ್ತಿದ್ದರೂ ಮಿಲಿಗ್ರಾಂ ಪ್ರೋಟೀನಿಗೆ ಲೆಕ್ಕ ಹಾಕಿದ ಚಟುವಟಿಕೆ ಏರುವುದನ್ನು ವಿದ್ಯಾರ್ಥಿಗಳು ತಾವೇ ಕಾಣುತ್ತಾರೆ. ಹೋಲಿಕೆಗೆ ಕುದಿಸಿದ ರಸವೂ ಇರಲಿ. ಡಬ್ಬಿಯ ಅನಾನಸು ಮಾತ್ರ ಬೇಡ, ಸಂಸ್ಕರಣೆಯ ಬಿಸಿಗೆ ಅದರ ಕಿಣ್ವ ಕೆಟ್ಟಿರುತ್ತದೆ.